ಬ್ಯಾಕ್‌ಹೋಗೆ ಟ್ರ್ಯಾಕ್ಟರ್‌ನಿಂದ ಎಣ್ಣೆ ಕೊಟ್ಟರೆ ಸಾಕೇ? ಅದು ವಾಪಸ್ ಹೋಗುವ ದಾರಿ ಯಾವುದು?

ಅಡಿಕೆ ತೋಟಿಗ, ಸಾಗರ

ಎಲ್ಲರಿಗೂ ನಮಸ್ಕಾರ. ತೋಟದ ಸುತ್ತಲಿನ ಅಗಳ ಮತ್ತು ಬಸಿಗಾಲುವೆ ಕೆಲಸಕ್ಕೆ ಆಳುಗಳು ಸಿಗದೆ, ಬಾಡಿಗೆಯ ಜೆಸಿಬಿಗೆ ನಮ್ಮ ಕಿರಿದಾದ ದಾರಿಯಲ್ಲಿ ತಿರುಗಲು ಜಾಗವಿಲ್ಲದೆ, ಕಳೆದ ಬೇಸಿಗೆಯಲ್ಲಿ ಟ್ರ್ಯಾಕ್ಟರ್‌ನ ಹಿಂದೆ ಕಟ್ಟುವ ಸಣ್ಣ ಬ್ಯಾಕ್‌ಹೋ (ತೋಳಿನ ತುದಿಯ ಬಕೆಟ್‌ನಿಂದ ಮಣ್ಣು ಅಗೆಯುವ ಯಂತ್ರ) ಒಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡೆ. ಅದರಲ್ಲಿ ಆರು ಲಿವರ್‌ಗಳ ವಾಲ್ವು ಇದೆ. ಬೂಮ್, ತೋಳು, ಬಕೆಟ್‌ಗಳಿಗೆ ಒಂದೊಂದು, ಅಕ್ಕಪಕ್ಕ ತಿರುಗಿಸಲು ಎರಡು, ನೆಲಕ್ಕೆ ಊರುವ ಕಾಲುಗಳಿಗೆ ಎರಡು, ಹೀಗೆ ಒಟ್ಟು ಏಳು ಸಿಲಿಂಡರ್‌ಗಳಿವೆ. ಮೂಲದಲ್ಲಿ ಪಿಟಿಓಗೆ (ಟ್ರ್ಯಾಕ್ಟರ್‌ನ ಹಿಂಬದಿಯಲ್ಲಿ ಎಂಜಿನ್ ಬಲದಿಂದ ತಿರುಗುವ ಶಾಫ್ಟ್) ಸಿಕ್ಕಿಸುವ ಪ್ರತ್ಯೇಕ ಪಂಪು ಇತ್ತಂತೆ. ಮಾರಿದವರು ಅದನ್ನು ಮೊದಲೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು.

ನನ್ನದು 48 ಎಚ್‌ಪಿ ಟ್ರ್ಯಾಕ್ಟರ್. ಎಂಜಿನ್ 2200 ಆರ್‌ಪಿಎಂನಲ್ಲಿ ಓಡುವಾಗ ಹೈಡ್ರಾಲಿಕ್ ಪಂಪು ನಿಮಿಷಕ್ಕೆ 40 ಲೀಟರ್ ಕೊಡುತ್ತದೆ ಎಂದು ಪುಸ್ತಕದಲ್ಲಿದೆ. ಗೇರ್‌ಬಾಕ್ಸ್‌ಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ. ಹತ್ತಿರದ ಮೆಕ್ಯಾನಿಕ್ ಒಬ್ಬರು ಹಿಂಬದಿಯ ಆಕ್ಸಿಲರಿ ವಾಲ್ವಿನ (ಹೊರಗಿನ ಉಪಕರಣಗಳಿಗೆ ಎಣ್ಣೆ ಕೊಡುವ ವಾಲ್ವು) ಎರಡು ಕಪ್ಲರ್‌ಗಳಲ್ಲಿ, ಅಂದರೆ ಹೋಸ್ ಸಿಕ್ಕಿಸುವ ಬಾಯಿಗಳಲ್ಲಿ, ಒಂದಕ್ಕೆ ಬ್ಯಾಕ್‌ಹೋದ ಪ್ರೆಶರ್ ಹೋಸ್, ಇನ್ನೊಂದಕ್ಕೆ ರಿಟರ್ನ್ ಹೋಸ್ ಸಿಕ್ಕಿಸಿ, ಲಿವರ್ ನ್ಯೂಟ್ರಲ್‌ಗೆ ಮರಳದಂತೆ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು ಕೊಟ್ಟರು. ಬ್ಯಾಕ್‌ಹೋ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅರ್ಧ ಗಂಟೆಯೊಳಗೆ ಹೋಸ್‌ಗಳನ್ನು ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗುತ್ತವೆ, ಬ್ಯಾಕ್‌ಹೋ ವಾಲ್ವಿನ ಎರಡು ಸ್ಪೂಲ್‌ಗಳ (ಲಿವರ್ ತಳ್ಳಿದಾಗ ಒಳಗೆ ಸರಿದು ಎಣ್ಣೆಯ ದಾರಿ ಬದಲಿಸುವ ಸರಳು) ಬುಡದಲ್ಲಿ ಎಣ್ಣೆ ಒಸರುತ್ತದೆ, ಅಗೆಯುವಾಗ ಟ್ರ್ಯಾಕ್ಟರ್‌ನ ಉಪಕರಣ ಎತ್ತುವ ಲಿಫ್ಟ್ ಮೇಲೇಳುವುದೇ ಇಲ್ಲ. ಮೊದಲ ದಿನವೇ 8 ಲೀಟರ್ ಎಣ್ಣೆ ಸೇರಿಸಬೇಕಾಯಿತು. ಪಂಪು ಸಾಲುತ್ತಿಲ್ಲ, ದೊಡ್ಡ ಪಂಪು ಹಾಕಿಸಿ ಎಂದು ಒಬ್ಬರು ಹೇಳುತ್ತಿದ್ದಾರೆ. ದುಡ್ಡು ಸುರಿಯುವ ಮೊದಲು ಬಲ್ಲವರನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ.

ಹೋಸ್ ಅಂಗಡಿ, ಹುಬ್ಬಳ್ಳಿ

ತೋಟಿಗರೇ, ಪಂಪಿನ ಮಾತು ಸದ್ಯಕ್ಕೆ ಬಿಡಿ. ಪಂಪು ಸಣ್ಣದಾದರೆ ಬಕೆಟ್ ನಿಧಾನವಾಗುತ್ತದೆಯೇ ಹೊರತು ಎಣ್ಣೆ ಕಾಯುವುದಿಲ್ಲ. ನಿಮ್ಮ ತೊಂದರೆ ರಿಟರ್ನ್ ಹೋಸಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆಕ್ಸಿಲರಿ ವಾಲ್ವಿನ ಎರಡನೇ ಕಪ್ಲರ್ ಇರುವುದು ಸಿಲಿಂಡರಿನ ಇನ್ನೊಂದು ತುದಿಯಿಂದ ಬರುವ ಎಣ್ಣೆಯನ್ನು ಸ್ವಲ್ಪ ಹೊತ್ತು ಒಳಗೆ ತೆಗೆದುಕೊಳ್ಳಲು. ಪಂಪಿನ ಪೂರ್ತಿ ಎಣ್ಣೆಯನ್ನು ಗಂಟೆಗಟ್ಟಲೆ ಹೊರುವುದು ಅದರ ಕೆಲಸವಲ್ಲ. ಅರ್ಧ ಇಂಚಿನ ಕಪ್ಲರು, ಅದರೊಳಗಿನ ಸ್ಪ್ರಿಂಗ್ ಮತ್ತು ಗುಂಡು, ಆಮೇಲೆ ಸ್ಪೂಲಿನ ಕಿರಿದಾದ ಸಂದು, ಇಷ್ಟನ್ನೂ ದಾಟಿಕೊಂಡು ಎಣ್ಣೆ ಟ್ಯಾಂಕಿಗೆ ಹೋಗಬೇಕು.

ಇದಕ್ಕಿಂತ ದೊಡ್ಡ ಅಪಾಯ ಆ ಲಿವರಿನದು. ಯಾರಾದರೂ ಅದನ್ನು ತಪ್ಪಾಗಿ ಇನ್ನೊಂದು ಕಡೆಗೆ ತಳ್ಳಿದರೆ ಪಂಪಿನ ಪೂರ್ತಿ ಒತ್ತಡ ಬ್ಯಾಕ್‌ಹೋ ವಾಲ್ವಿನ ರಿಟರ್ನ್ ಬಾಯಿಗೆ ಬೀಳುತ್ತದೆ. ಆ ಬದಿಯ ಸೀಲುಗಳನ್ನು ಅಷ್ಟು ಒತ್ತಡಕ್ಕೆಂದು ಮಾಡಿರುವುದಿಲ್ಲ. ಸ್ಪೂಲ್ ಬುಡದಲ್ಲಿ ಒಸರು ಶುರುವಾಗಿದೆ ಎಂದರೆ ಒಂದು ಸಲವಾದರೂ ಹಾಗೆ ಆಗಿರಬಹುದು, ಇಲ್ಲವೇ ರಿಟರ್ನ್‌ನಲ್ಲಿ ಸದಾ ಹೆಚ್ಚಿನ ಒತ್ತಡ ನಿಂತಿರಬಹುದು. 250 ಬಾರ್‌ವರೆಗೆ (ಬಾರ್ ಎಂದರೆ ಒತ್ತಡದ ಅಳತೆ) ತೋರಿಸುವ ಒಂದು ಗೇಜ್ ಮತ್ತು ಒಂದು ಟೀ ಫಿಟಿಂಗ್ ತಂದು, ಎಲ್ಲ ಲಿವರ್‌ಗಳೂ ನ್ಯೂಟ್ರಲ್‌ನಲ್ಲಿದ್ದಾಗ ಪ್ರೆಶರ್ ಹೋಸಿನಲ್ಲಿ ಎಷ್ಟಿದೆ, ರಿಟರ್ನ್ ಹೋಸಿನಲ್ಲಿ ಎಷ್ಟಿದೆ ಎಂದು ನೋಡಿ ತಿಳಿಸಿ.

ನಿವೃತ್ತ ಮೇಷ್ಟ್ರು, ದಾವಣಗೆರೆ

ಗೇಜಿನ ಸಲಹೆ ಸರಿಯಾಗಿದೆ. ಅಳತೆ ಬರುವಷ್ಟರಲ್ಲಿ ಮೂಲದ ಒಂದು ವಿಷಯವನ್ನು ಬರೆದಿಡುತ್ತೇನೆ, ಏಕೆಂದರೆ ಇಲ್ಲಿ ಬರುವ ಇಂಥ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದನ್ನು ಗಮನಿಸದೆ ಹುಟ್ಟಿದವು.

ನಮ್ಮಲ್ಲಿನ ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿರುವುದು ಗೇರ್ ಪಂಪು. ಎಂಜಿನ್ ತಿರುಗುತ್ತಿರುವವರೆಗೆ ಅದು ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ. ನಿಮಗೆ ಈಗ ಬೇಕೋ ಬೇಡವೋ ಎಂಬುದು ಅದಕ್ಕೆ ಗೊತ್ತಿಲ್ಲ. ತೋಟಿಗರಿಗೆ ಹೇಳುವುದಾದರೆ ಅದು ಹರಿಯುವ ಕಾಲುವೆಯಿದ್ದಂತೆ. ಮಡೆ ಕಟ್ಟಿ ನೀರನ್ನು ಒಂದು ಪಾತಿಗೆ ತಿರುಗಿಸಬಹುದು, ಆದರೆ ಯಾವ ಪಾತಿಗೂ ಬೇಡವಾದಾಗ ಕಾಲುವೆಯ ತುದಿ ತೆರೆದಿರಲೇಬೇಕು, ಇಲ್ಲದಿದ್ದರೆ ಏರಿ ಒಡೆಯುತ್ತದೆ. ಲಿವರ್‌ಗಳೆಲ್ಲ ನ್ಯೂಟ್ರಲ್‌ನಲ್ಲಿದ್ದಾಗ ಎಣ್ಣೆ ವಾಲ್ವಿನ ನಡುವಿನಿಂದ ಸಲೀಸಾಗಿ ಟ್ಯಾಂಕಿಗೆ ಹರಿದುಹೋಗುವ ಈ ಏರ್ಪಾಡಿಗೆ ಓಪನ್ ಸೆಂಟರ್ ಎನ್ನುತ್ತಾರೆ. ಇನ್ನೊಂದು ಬಗೆಯಾದ ಕ್ಲೋಸ್ಡ್ ಸೆಂಟರ್ ಓವರ್‌ಹೆಡ್ ಟ್ಯಾಂಕಿಗೆ ಜೋಡಿಸಿದ ನಲ್ಲಿಯ ಹಾಗೆ: ಒತ್ತಡ ಸದಾ ನಿಂತಿರುತ್ತದೆ, ನಲ್ಲಿ ತಿರುಗಿಸಿದಾಗ ಮಾತ್ರ ಹರಿವು. ಅಲ್ಲಿನ ಪಂಪು ಬೇಡದಿದ್ದಾಗ ತನ್ನ ಹರಿವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಬ್ಯಾಕ್‌ಹೋದ ವಾಲ್ವು ಯಾವ ಬಗೆಯದೋ ಟ್ರ್ಯಾಕ್ಟರ್ ಕೂಡ ಅದೇ ಬಗೆಯದಾಗಿರಬೇಕು. ಗೇರ್ ಪಂಪಿಗೆ ಕ್ಲೋಸ್ಡ್ ಸೆಂಟರ್ ವಾಲ್ವು ಸಿಕ್ಕಿಸಿದರೆ ಎಣ್ಣೆಗೆ ರಿಲೀಫ್ ವಾಲ್ವೊಂದೇ (ಒತ್ತಡ ಮಿತಿ ಮೀರಿದಾಗ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವು) ದಾರಿಯಾಗಿ ಉಳಿಯುತ್ತದೆ.

ಎಣ್ಣೆಯಲ್ಲಿರುವ ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ತಿಳಿಯಬೇಕಾದರೆ ನಿಮಿಷಕ್ಕೆ ಹರಿಯುವ ಲೀಟರನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಬೇಕು. ಆ ಶಕ್ತಿ ಮಣ್ಣು ಎತ್ತದೆ ಹೋದರೆ ಪೂರ್ತಿಯಾಗಿ ಶಾಖವಾಗುತ್ತದೆ.

ಅಡಿಕೆ ತೋಟಿಗ, ಸಾಗರ

ಗೇಜ್ ತಂದು ನೋಡಿದೆ. ಎಂಜಿನ್ ಪೂರ್ತಿ ವೇಗದಲ್ಲಿದ್ದು ಎಲ್ಲ ಲಿವರ್‌ಗಳೂ ನ್ಯೂಟ್ರಲ್‌ನಲ್ಲಿದ್ದಾಗ ಪ್ರೆಶರ್ ಹೋಸಿನಲ್ಲಿ 45 ಬಾರ್, ರಿಟರ್ನ್ ಹೋಸಿನಲ್ಲಿ 28 ಬಾರ್ ತೋರಿಸಿತು. ಬಕೆಟನ್ನು ಪೂರ್ತಿ ಮಡಚಿ ಲಿವರ್ ಹಿಡಿದುಕೊಂಡೇ ಇದ್ದಾಗ 165 ಬಾರ್‌ಗೆ ಏರಿ ಕಿರ್ರೆನ್ನುವ ಸದ್ದು ಬಂತು. ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಲಿವರನ್ನು ಒಮ್ಮೆ ನಮ್ಮ ಡ್ರೈವರ್ ಉಲ್ಟಾ ತಳ್ಳಿದ್ದು ನಿಜ. ಒಸರು ಶುರುವಾದದ್ದು ಆ ದಿನವೇ.

ನಿವೃತ್ತ ಮೇಷ್ಟ್ರು, ದಾವಣಗೆರೆ

ಹಾಗಾದರೆ ರೋಗ ಸಿಕ್ಕಿತು. 165 ಬಾರ್ ಬರುತ್ತಿದೆಯೆಂದರೆ ಪಂಪಿಗೂ ರಿಲೀಫ್ ವಾಲ್ವಿಗೂ ತೊಂದರೆಯಿಲ್ಲ. ನ್ಯೂಟ್ರಲ್‌ನಲ್ಲಿ 45 ಬಾರ್ ಎಂಬುದು 165ರ ಹತ್ತಿರವೂ ಇಲ್ಲವಾದ್ದರಿಂದ ವಾಲ್ವು ಓಪನ್ ಸೆಂಟರಿನದೇ ಎಂಬುದೂ ಖಚಿತವಾಯಿತು. ಆದರೆ ಆ 45ರಲ್ಲಿ 28 ಬಾರ್ ರಿಟರ್ನ್ ದಾರಿಯೊಂದಕ್ಕೇ ವ್ಯಯವಾಗುತ್ತಿದೆ. ಲೆಕ್ಕ ಹಾಕಿದರೆ 40ನ್ನು 45ರಿಂದ ಗುಣಿಸಿ 600ರಿಂದ ಭಾಗಿಸಿದಾಗ 3 ಕಿಲೋವ್ಯಾಟ್ ಬರುತ್ತದೆ. ಬಚ್ಚಲುಮನೆಯಲ್ಲಿ ನೀರು ಕಾಯಿಸುವ 1500 ವ್ಯಾಟ್‌ನ ಎರಡು ರಾಡ್‌ಗಳನ್ನು ನಿಮ್ಮ ಗೇರ್‌ಬಾಕ್ಸ್ ಎಣ್ಣೆಯಲ್ಲಿ ಮುಳುಗಿಸಿ, ನೀವು ಬೀಡಾ ಹಾಕಿಕೊಳ್ಳುತ್ತ ಸುಮ್ಮನೆ ಕುಳಿತಿದ್ದಾಗಲೂ ಸ್ವಿಚ್ ಹಾಕಿಯೇ ಇಟ್ಟಂತಾಯಿತು.

ಬಕೆಟ್ ಕೊನೆ ಮುಟ್ಟಿದ ಮೇಲೂ ಲಿವರ್ ಹಿಡಿದೇ ಇರುವ ಅಭ್ಯಾಸ ಇದಕ್ಕಿಂತ ಕೆಟ್ಟದ್ದು: 165 ಬಾರ್‌ನಲ್ಲಿ ಅದು 11 ಕಿಲೋವ್ಯಾಟ್. 30 ಲೀಟರ್ ಎಣ್ಣೆಯಿದ್ದರೆ, ಅಷ್ಟು ಶಾಖಕ್ಕೆ ಅದು ನಿಮಿಷಕ್ಕೆ ಸುಮಾರು 13 ಡಿಗ್ರಿ ಏರುತ್ತದೆ. ಡ್ರೈವರಿಗೆ ಹೇಳಿ, ಕಿರ್ರೆಂದ ಕೂಡಲೇ ಕೈ ಬಿಡಲಿ.

8 ಲೀಟರ್ ಎಣ್ಣೆ ಸೋರಿಹೋಗಿಲ್ಲ, ಸಿಲಿಂಡರ್‌ಗಳಲ್ಲಿ ಕುಳಿತಿದೆ. 75 ಮಿಲಿಮೀಟರ್ ಒಳವ್ಯಾಸ ಮತ್ತು 500 ಮಿಲಿಮೀಟರ್ ಚಲನೆಯ ಒಂದು ಸಿಲಿಂಡರೇ 2.2 ಲೀಟರ್ ಹಿಡಿಯುತ್ತದೆ. ಒಮ್ಮೆ ತುಂಬಿದ ಮೇಲೆ ಮಟ್ಟದ ಏರಿಳಿತ ರಾಡಿನ ಗಾತ್ರದಷ್ಟೇ. 40 ಮಿಲಿಮೀಟರ್ ರಾಡಾದರೆ ಆ ಸಿಲಿಂಡರಿಗೆ 0.6 ಲೀಟರ್ ಚಿಲ್ಲರೆ. ಡಿಪ್‌ಸ್ಟಿಕ್ ನೋಡುವಾಗ ಪ್ರತಿ ಸಲವೂ ಬ್ಯಾಕ್‌ಹೋವನ್ನು ಒಂದೇ ಭಂಗಿಯಲ್ಲಿ ಮಡಚಿಟ್ಟು ನೋಡಿ.

ಅಯೋವಾದ ಕನ್ನಡಿಗ

ಇಲ್ಲಿ ನಮ್ಮ ಮನೆಯ ಹಿಂದಿನ ಐದು ಎಕರೆಗೆ ಸಣ್ಣ ಟ್ರ್ಯಾಕ್ಟರ್ ಮತ್ತು ಬ್ಯಾಕ್‌ಹೋ ಇಟ್ಟುಕೊಂಡಿದ್ದೇನೆ. ಈ ದೇಶದಲ್ಲಿ ಬ್ಯಾಕ್‌ಹೋವನ್ನು ಆಕ್ಸಿಲರಿ ಕಪ್ಲರ್‌ಗೆ ಸಿಕ್ಕಿಸುವುದಕ್ಕಿಂತ ಪವರ್ ಬಿಯಾಂಡ್ ಎಂಬ ದಾರಿಯಲ್ಲಿ ಕೊಡುವುದೇ ಹೆಚ್ಚು ರೂಢಿ. ಪಂಪಿನಿಂದ ಬಂದ ಎಣ್ಣೆ ಮೊದಲ ವಾಲ್ವನ್ನು ದಾಟಿದ ಮೇಲೆ ಟ್ಯಾಂಕಿಗೆ ಹೋಗದೆ, ಪೂರ್ತಿ ಒತ್ತಡ ಹೊರಬಲ್ಲ ಪ್ರತ್ಯೇಕ ಬಾಯಿಯಿಂದ ಹೊರಗೆ ಬಂದು, ಬ್ಯಾಕ್‌ಹೋ ವಾಲ್ವಿಗೆ ಹೋಗುತ್ತದೆ. ಅಲ್ಲಿಂದ ಅದೇ ರೀತಿ ಹೊರಟು ಲಿಫ್ಟ್‌ಗೆ ಮರಳುತ್ತದೆ. ಕೆಲಸ ಮಾಡಿ ಸಿಲಿಂಡರ್‌ಗಳಿಂದ ಬಂದ ಎಣ್ಣೆಗೆ ಟ್ಯಾಂಕಿಗೆ ಹೋಗುವ ಮೂರನೆಯ ಹೋಸ್ ಬೇರೆಯೇ ಇರುತ್ತದೆ. ಎರಡರ ಬದಲು ಮೂರು ಹೋಸ್‌ಗಳು, ಅಷ್ಟೇ. ಲಿವರ್ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ, ಲಿಫ್ಟ್ ಕೂಡ ಜೀವಂತವಾಗಿರುತ್ತದೆ.

ಮೇಷ್ಟ್ರು ಹೇಳಿದ ಕ್ಲೋಸ್ಡ್ ಸೆಂಟರ್ ಇಲ್ಲಿ ಬಹಳ ಹಳೆಯ ಸಂಗತಿ. ಇದೇ ರಾಜ್ಯದ ವಾಟರ್ಲೂ ಊರಿನಲ್ಲಿ 1960ರ ದಶಕದಲ್ಲಿ ತಯಾರಾದ ಜಾನ್ ಡೀರ್ 4020 ಕ್ಲೋಸ್ಡ್ ಸೆಂಟರಿನದು, ಇವತ್ತಿಗೂ ಹೊಲದಲ್ಲಿ ಕಾಣಸಿಗುತ್ತದೆ. ಅದಕ್ಕೆ ಓಪನ್ ಸೆಂಟರಿನ ಬ್ಯಾಕ್‌ಹೋ ಕಟ್ಟುವುದಾದರೆ ಮೊದಲು ವಾಲ್ವಿನಲ್ಲಿ ನಡುವಿನ ದಾರಿ ಮುಚ್ಚುವ ಪ್ಲಗ್ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಪಂಪಿಗೆ ಬಿಡುವೇ ಸಿಗುವುದಿಲ್ಲ.

ಹೋಸ್ ಅಂಗಡಿ, ಹುಬ್ಬಳ್ಳಿ

ಅಯೋವಾದವರು ಹೇಳಿದ್ದು ನಿಜ, ಆದರೆ ನಮ್ಮ ಕಡೆ ಅದನ್ನು ಅರ್ಧ ಕೇಳಿ ಅರ್ಧ ಮಾಡುವವರೇ ಜಾಸ್ತಿ. ಪವರ್ ಬಿಯಾಂಡ್ ಎಂದರೆ ವಾಲ್ವಿನ ಟ್ಯಾಂಕ್ ಬಾಯಿಗೆ ಇನ್ನೊಂದು ವಾಲ್ವು ಸಿಕ್ಕಿಸುವುದಲ್ಲ. ಮುಂದಕ್ಕೆ ಹೋಗುವ ದಾರಿಯನ್ನೂ ಟ್ಯಾಂಕಿನ ದಾರಿಯನ್ನೂ ಬೇರ್ಪಡಿಸಲು ವಾಲ್ವಿನೊಳಗೆ ಒಂದು ಸ್ಲೀವ್ ಕೂರಿಸಬೇಕು. ಅದು ಆಯಾ ವಾಲ್ವಿನ ತಯಾರಕರದ್ದೇ ಆಗಿರಬೇಕು, ಎಲ್ಲ ವಾಲ್ವುಗಳಲ್ಲೂ ಅದಕ್ಕೆ ಜಾಗವಿರುವುದಿಲ್ಲ. ಸ್ಲೀವ್ ಇಲ್ಲದೆ ಎರಡು ವಾಲ್ವುಗಳನ್ನು ಸರಣಿಯಲ್ಲಿ ಜೋಡಿಸಿದ ಒಂದು ಲೋಡರ್ ನನ್ನ ಅಂಗಡಿಗೆ ಬಂದಿತ್ತು. ಎರಡನೆಯ ವಾಲ್ವಿನಲ್ಲಿ ಭಾರ ಎತ್ತಿದಾಗಲೆಲ್ಲ ಆ ಒತ್ತಡ ಮೊದಲನೆಯ ವಾಲ್ವಿನ ಟ್ಯಾಂಕ್ ಬದಿಗೆ ಬಿದ್ದು, ಬೀಡು ಕಬ್ಬಿಣದ ಅದರ ಮೈ ಉದ್ದಕ್ಕೂ ಸೀಳಿತ್ತು.

ತೋಟಿಗರ ಸ್ಥಿತಿಗೆ ನನ್ನ ಸಲಹೆ ಸರಳವಾಗಿದೆ. ಪ್ರೆಶರ್ ಹೋಸ್ ಈಗಿರುವ ಕಪ್ಲರ್‌ನಲ್ಲೇ ಇರಲಿ. ರಿಟರ್ನ್ ಹೋಸನ್ನು ಕಪ್ಲರಿನಿಂದ ಬಿಡಿಸಿ, ಮುಕ್ಕಾಲು ಇಂಚಿನ ಹೋಸಿನಲ್ಲಿ ನೇರವಾಗಿ ಟ್ರ್ಯಾಕ್ಟರ್‌ನ ಎಣ್ಣೆಯ ಮನೆಗೆ ಕೊಡಿ. ತಯಾರಕರು ರಿಟರ್ನ್‌ಗೆಂದು ಬಿಟ್ಟಿರುವ ಪ್ಲಗ್ ಎಲ್ಲಿದೆ ಎಂದು ಪುಸ್ತಕದಲ್ಲಿ ನೋಡಿ. ಎಣ್ಣೆ ಮಟ್ಟದ ಮೇಲಿಂದ ಧುಮುಕಿದರೆ ನೊರೆ ಏಳುತ್ತದೆ, ಆಮೇಲೆ ಲಿಫ್ಟ್ ಕೂಡ ನಡುಗುತ್ತದೆ; ಆದ್ದರಿಂದ ಅದು ಮಟ್ಟದ ಕೆಳಗೆ ಬಂದು ಸೇರಬೇಕು. ಈ ಹೋಸಿನಲ್ಲಿ ಬಿಚ್ಚಿ ಸಿಕ್ಕಿಸುವ ಕಪ್ಲರ್ ಬೇಡ. ಸರಿಯಾಗಿ ಕೂರದ ಒಂದು ಕಪ್ಲರ್ ರಿಟರ್ನನ್ನು ಪೂರ್ತಿ ಮುಚ್ಚಿಬಿಡಬಲ್ಲದು, ಆಗ ಲಿವರ್ ಉಲ್ಟಾ ತಳ್ಳಿದ ದಿನದ ಕಥೆಯೇ ಮತ್ತೆ. ನಡುವೆ 25 ಮೈಕ್ರಾನ್‌ನ ಫಿಲ್ಟರ್ ಒಂದಿರಲಿ, ಹಳೆಯ ಬ್ಯಾಕ್‌ಹೋ ಸಿಲಿಂಡರ್‌ಗಳ ಕೊಳೆ ನಿಮ್ಮ ಗೇರ್‌ಬಾಕ್ಸಿಗೆ ಹೋಗುವುದು ಬೇಡ. ಖಾಲಿಯಾದ ಎರಡನೇ ಕಪ್ಲರ್‌ಗೆ ಮುಚ್ಚಳ ಹಾಕಿ, ಟ್ಯೂಬಿನ ರಬ್ಬರನ್ನು ಕಿತ್ತೆಸೆದು, ಲಿವರ್ ಒಂದೇ ಕಡೆ ನಿಲ್ಲುವಂತೆ ಕಬ್ಬಿಣದ ಪಟ್ಟಿಯ ಲಾಕ್ ಮಾಡಿಸಿ. ಅಗೆಯುವಾಗ ಲಿಫ್ಟ್ ಏಳದಿರುವುದು ನಿಮ್ಮ ಜೋಡಣೆಯಲ್ಲಿ ಸಹಜವೇ. ಬ್ಯಾಕ್‌ಹೋ ಹಿಂದಿರುವಾಗ ಲಿಫ್ಟ್‌ನಿಂದ ಆಗಬೇಕಾದ್ದೂ ಏನಿಲ್ಲ.

ಕಾಫಿ ಬೆಳೆಗಾರ, ಸೋಮವಾರಪೇಟೆ

ನಮ್ಮ ತಂದೆಯ ಕಾಲದ ಮ್ಯಾಸಿ ಫರ್ಗುಸನ್ 35 ಇಟ್ಟುಕೊಂಡಿರುವ ನನ್ನಂಥವರಿಗೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ ಎಂಬುದನ್ನು ಸೇರಿಸುತ್ತೇನೆ. ಅದರ ಪಿಸ್ಟನ್ ಪಂಪು ಹಿಂಬದಿಯ ಎಣ್ಣೆಯೊಳಗೇ ಮುಳುಗಿದ್ದು, ಪಿಟಿಓ ಶಾಫ್ಟಿನಿಂದ ತಿರುಗುತ್ತದೆ. ನಿಯಂತ್ರಣದ ವಾಲ್ವು ಪಂಪಿನ ಹೀರುವ ಬದಿಯಲ್ಲಿರುವುದರಿಂದ ಲಿಫ್ಟ್‌ಗೆ ಬೇಕಾದಾಗ ಮಾತ್ರ ಎಣ್ಣೆ ಬರುತ್ತದೆ, ಹರಿವೂ ಕಡಿಮೆ. ನೇಗಿಲಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ, ಬ್ಯಾಕ್‌ಹೋಗೆ ಅದಕ್ಕಿಂತ ಕೆಟ್ಟದ್ದೂ ಇನ್ನೊಂದಿಲ್ಲ. ಹಾಗಾಗಿ ನಾನು ಪಿಟಿಓಗೆ ಸಿಕ್ಕಿಸುವ ಪಂಪು ಮತ್ತು 60 ಲೀಟರಿನ ಪ್ರತ್ಯೇಕ ಟ್ಯಾಂಕ್ ಹಾಕಿಸಿದೆ. ಟ್ರ್ಯಾಕ್ಟರ್‌ನ ಎಣ್ಣೆಗೂ ಬ್ಯಾಕ್‌ಹೋದ ಎಣ್ಣೆಗೂ ಸಂಬಂಧವೇ ಇಲ್ಲ. ಅಲ್ಲಿ ಗೇರ್‌ಬಾಕ್ಸಿಗೆ ಬೇಕಾದ ಎಣ್ಣೆ, ಇಲ್ಲಿ 68ರ ದಪ್ಪದ ಹೈಡ್ರಾಲಿಕ್ ಎಣ್ಣೆ.

ಮಾಡಿಸುವಾಗ ಕಲಿತದ್ದನ್ನು ಹೇಳುತ್ತೇನೆ. ಗೇರ್ ಪಂಪಿಗೆ ತಿರುಗುವ ದಿಕ್ಕು ಒಂದೇ, ಅದರ ಮೈಮೇಲೆ ಬಾಣದ ಗುರುತಿರುತ್ತದೆ. ಟ್ರ್ಯಾಕ್ಟರ್‌ನ ಹಿಂದೆ ನಿಂತು ನೋಡಿದರೆ ಪಿಟಿಓ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಆದರೆ ನಡುವೆ ಒಂದು ಜೊತೆ ಗೇರಿನ ಪೆಟ್ಟಿಗೆ ಬಂದರೆ ದಿಕ್ಕು ಉಲ್ಟಾ ಆಗುತ್ತದೆ. ನಾನು ಇದನ್ನು ಗಮನಿಸದೆ ಮೊದಲ ದಿನವೇ ಶಾಫ್ಟ್ ಸೀಲ್ ಹಾರಿಸಿಕೊಂಡೆ. ಪಂಪಿನ ಪೆಟ್ಟಿಗೆ ತಾನೇ ಸುತ್ತದಂತೆ ಸರಪಳಿಯಿಂದ ಕಟ್ಟಬೇಕು. ಗಟ್ಟಿ ಪಟ್ಟಿ ಹಾಕಿ ಬೋಲ್ಟ್ ಬಿಗಿದರೆ ಶಾಫ್ಟ್ ಓಲಾಡಲು ಜಾಗವಿಲ್ಲದೆ ಬೇರಿಂಗ್ ಹೋಗುತ್ತದೆ. ಟ್ಯಾಂಕ್ ಪಂಪಿಗಿಂತ ಮೇಲಿರಲಿ. ಇನ್ನು ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ತಿರುಗುವ ಪಿಟಿಓ ಹತ್ತಿರ ಬಗ್ಗುವವರನ್ನು ನಾನು ಟ್ರ್ಯಾಕ್ಟರ್ ಬಳಿ ಸೇರಿಸುವುದಿಲ್ಲ.

ಹೊಸಬ, ಹಾಸನ

ಪಿಟಿಓ ಪಂಪು ಎಷ್ಟು ದೊಡ್ಡದಿರಬೇಕು ಎಂದು ಹೇಗೆ ಲೆಕ್ಕ ಹಾಕುವುದು? ಹೋಸ್ ಯಾವುದು ತರಬೇಕು? ಟೆಫ್ಲಾನ್ ಟೇಪ್ ಸುತ್ತಿದರೆ ಸೋರುವುದು ನಿಲ್ಲುತ್ತದೆಯೇ?

ನಿವೃತ್ತ ಮೇಷ್ಟ್ರು, ದಾವಣಗೆರೆ

ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಒಂದಕ್ಕೆ ಮೂರರಂತೆ ವೇಗ ಹೆಚ್ಚಿಸುವ ಪೆಟ್ಟಿಗೆಯಿದ್ದರೆ ಪಂಪಿಗೆ 1620 ಸುತ್ತು ಸಿಗುತ್ತದೆ. ಸುತ್ತಿಗೆ 28 ಸಿಸಿ ಪಂಪಾದರೆ ನಿಮಿಷಕ್ಕೆ 45 ಲೀಟರ್. ಪೆಟ್ಟಿಗೆಯಿಲ್ಲದೆ ನೇರವಾಗಿ ಅಷ್ಟೇ ಎಣ್ಣೆ ಬೇಕೆಂದರೆ 83 ಸಿಸಿಯ ದೊಡ್ಡ ಪಂಪು ಬೇಕಾಗುತ್ತದೆ. 45 ಲೀಟರನ್ನು 175 ಬಾರ್‌ಗೆ ತಳ್ಳಲು 13 ಕಿಲೋವ್ಯಾಟ್, ನಷ್ಟ ಸೇರಿಸಿದರೆ ಸುಮಾರು 20 ಎಚ್‌ಪಿ. ತೋಟಿಗರ 48 ಎಚ್‌ಪಿಯಂಥ ಟ್ರ್ಯಾಕ್ಟರ್‌ಗೆ ಅದು ದೊಡ್ಡ ಹೊರೆಯಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಲಿಲ್ಲವಾದರೂ ಹೇಳಿಬಿಡುತ್ತೇನೆ. 75 ಮಿಲಿಮೀಟರ್ ಸಿಲಿಂಡರು 175 ಬಾರ್‌ನಲ್ಲಿ ಏಳೂವರೆ ಟನ್‌ಗೂ ಹೆಚ್ಚಿನ ಬಲದಿಂದ ತಳ್ಳುತ್ತದೆ. ಬ್ಯಾಕ್‌ಹೋವನ್ನು ಲಿಫ್ಟ್‌ನ ಮೂರು ಕೊಂಡಿಗಳಿಗೆ ಮಾತ್ರ ಸಿಕ್ಕಿಸಿದರೆ ಆ ಹೊಡೆತವೆಲ್ಲ ಮೇಲಿನ ಕೊಂಡಿಯಾದ ಟಾಪ್ ಲಿಂಕ್ ಮತ್ತು ಟ್ರ್ಯಾಕ್ಟರ್‌ನ ಬೀಡು ಕಬ್ಬಿಣದ ಮೈಮೇಲೆ ಬೀಳುತ್ತದೆ. ಟಾಪ್ ಲಿಂಕ್ ತುಂಡಾದರೆ ಇಡೀ ಬ್ಯಾಕ್‌ಹೋ ಚಾಲಕನ ಬೆನ್ನಿನ ಕಡೆಗೆ ಮಡಚಿಕೊಳ್ಳಬಹುದು. ಆ ಹೊಡೆತ ಹೊರಲು ಮುಂದಿನ ಆಕ್ಸಲ್‌ವರೆಗೆ ಹೋಗುವ ಕಬ್ಬಿಣದ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಇಲ್ಲದಿದ್ದರೆ ಹೋಸಿನ ಚರ್ಚೆಯೇ ವ್ಯರ್ಥ. ನಾವು ಈ ಯಂತ್ರಗಳ ಇಡೀ ಜಾತಿಯನ್ನು ಯಾರ ಹೆಸರಿನ ಮೊದಲಕ್ಷರಗಳಿಂದ ಜೆಸಿಬಿ ಎಂದು ಕರೆಯುತ್ತೇವೋ ಆ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅವರ ಕಂಪನಿ 1953ರಲ್ಲಿ ತಂದ ಮೊದಲ ಬ್ಯಾಕ್‌ಹೋ ಲೋಡರ್ ಕೂಡ ಟ್ರ್ಯಾಕ್ಟರ್‌ಗೆ ಕಟ್ಟಿದ್ದೇ. ಆದರೆ ಅದು ಕೊಂಡಿಗೆ ನೇತುಹಾಕಿದ್ದಾಗಿರಲಿಲ್ಲ.

ಹೋಸ್ ಅಂಗಡಿ, ಹುಬ್ಬಳ್ಳಿ

ಹಾಸನದವರಿಗೆ: ಪ್ರೆಶರ್‌ಗೆ ಎರಡು ಪದರ ತಂತಿಯ ಅರ್ಧ ಇಂಚಿನ ಹೋಸ್, ಅಂದರೆ ಆರ್2 ಎಂದು ಬರೆದಿರುವುದು. ಒಂದು ಪದರದ ಆರ್1 ಅರ್ಧ ಇಂಚಿನದಕ್ಕೆ 2000 ಪಿಎಸ್‌ಐ, ಅಂದರೆ 138 ಬಾರ್ ಮಾತ್ರ ಮಿತಿ. ಅಗ್ಗವೆಂದು ಅದನ್ನು ಒಯ್ಯಬೇಡಿ. 40 ಲೀಟರಿಗೆ ರಿಟರ್ನ್ ಮುಕ್ಕಾಲು ಇಂಚು ಸಾಕು, ಪ್ರತ್ಯೇಕ ಟ್ಯಾಂಕಿನಿಂದ ಹೀರುವ ಪೈಪು ಒಂದೂಕಾಲು ಇಂಚಿಗಿಂತ ಕಡಿಮೆ ಬೇಡ. ಟೆಫ್ಲಾನ್ ಟೇಪ್ ನೀರಿನ ನಲ್ಲಿಗೆ ಸರಿ. ಹೈಡ್ರಾಲಿಕ್‌ನಲ್ಲಿ ಅದರ ಚೂರುಗಳು ಒಳಗೆ ಹೋಗಿ ರಿಲೀಫ್ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಎಸ್‌ಪಿ ಥ್ರೆಡ್ಡಿಗೆ (ಬ್ರಿಟಿಷ್ ಪೈಪ್ ಥ್ರೆಡ್) ಡೌಟಿ ವಾಷರ್, ಅಂದರೆ ಒಳ ಅಂಚಿಗೆ ರಬ್ಬರ್ ಅಂಟಿಸಿದ ಲೋಹದ ವಾಷರ್, ಹಾಕಿ. ಎರಡು ಸುತ್ತು ಹೋಗಿ ಬಿಗಿಯಾದರೆ ಥ್ರೆಡ್ ಬೇರೆ ಜಾತಿಯದೆಂದು ತಿಳಿದು ನಿಲ್ಲಿಸಿ. ಅರ್ಧ ಇಂಚಿನ ಬಿಎಸ್‌ಪಿಯಲ್ಲೂ ಅಮೆರಿಕದ ಎನ್‌ಪಿಟಿ ಥ್ರೆಡ್ಡಿನಲ್ಲೂ ಇಂಚಿಗೆ 14 ಹಲ್ಲುಗಳೇ ಇರುವುದರಿಂದ ಕೈ ಮೋಸಹೋಗುತ್ತದೆ.

ಒಸರುವ ಜಾಗವನ್ನು ಬೆರಳಿನಿಂದ ಹುಡುಕಲೇಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಂಡರೂ ಅದು ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗುವ ಸಂಗತಿ. ಹೋಸ್ ಬಿಚ್ಚುವ ಮೊದಲು ಬಕೆಟ್ ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಎಲ್ಲ ಲಿವರ್‌ಗಳನ್ನೂ ಎರಡೂ ಕಡೆ ಆಡಿಸಿ.

ಅಡಿಕೆ ತೋಟಿಗ, ಸಾಗರ

ಎಲ್ಲರಿಗೂ ಧನ್ಯವಾದ. ಹೇಳಿದಂತೆ ರಿಟರ್ನನ್ನು ಫಿಲ್ಟರ್ ಮೂಲಕ ನೇರವಾಗಿ ಎಣ್ಣೆಯ ಮನೆಗೆ ಕೊಡಿಸಿ, ಎರಡು ಸ್ಪೂಲ್‌ಗಳ ಸೀಲ್ ಬದಲಿಸಿ, ಲಿವರಿಗೆ ಲಾಕ್ ಮಾಡಿಸಿದೆ. ಈಗ ನ್ಯೂಟ್ರಲ್‌ನಲ್ಲಿ ಪ್ರೆಶರ್ ಹೋಸಿನಲ್ಲಿ 14 ಬಾರ್. ರಿಟರ್ನ್‌ನಲ್ಲಿ ಗೇಜಿನ ಮುಳ್ಳು ಸೊನ್ನೆ ಬಿಟ್ಟು ಸ್ವಲ್ಪವೇ ಕದಲುತ್ತದೆ. ಎಂಜಿನನ್ನು 1500ಕ್ಕೆ ಇಳಿಸಿಕೊಂಡು ಎರಡು ಗಂಟೆ ಅಗಳ ತೆಗೆದೆವು. ಹೋಸ್ ಬೆಚ್ಚಗಿತ್ತು, ಅಷ್ಟೇ. ಆ ವೇಗಕ್ಕೆ ಸುಮಾರು 27 ಲೀಟರ್ ಎಣ್ಣೆ ಬರುತ್ತದೆಂದು ನಾನೂ ಲೆಕ್ಕ ಹಾಕಿದೆ. ಬೂಮ್ ನಿಧಾನವಾಯಿತು, ಆದರೆ ಬೇರಿನ ಹತ್ತಿರ ಬಕೆಟ್ ಇಡಲು ಆ ನಿಧಾನವೇ ಒಳ್ಳೆಯದೆಂದು ಡ್ರೈವರ್ ಹೇಳುತ್ತಾನೆ.

ಮೇಷ್ಟ್ರೇ, ಸಬ್‌ಫ್ರೇಮ್ ವಿಷಯ ಓದಿದ ಮೇಲೆ ಟ್ರ್ಯಾಕ್ಟರ್ ಅಡಿಗೆ ಮಲಗಿ ನೋಡಿದೆ. ನನ್ನದು ಹಿಂದಿನ ಆಕ್ಸಲ್ ಹತ್ತಿರವೇ ನಿಂತಿದೆ, ಮುಂದಕ್ಕೆ ಹೋಗಿಲ್ಲ. ಅಲ್ಲಿಂದೀಚೆಗೆ ಬ್ಯಾಕ್‌ಹೋ ಬಿಚ್ಚಿಟ್ಟಿದ್ದೇನೆ.

ನಿವೃತ್ತ ಮೇಷ್ಟ್ರು, ದಾವಣಗೆರೆ

ಒಳ್ಳೆಯದು ಮಾಡಿದಿರಿ. ಅಡಿಭಾಗದ ಫೋಟೋ ಹಾಕಿ, ಮುಂದಿನ ಆಕ್ಸಲ್ ಬ್ರಾಕೆಟ್‌ನಲ್ಲಿರುವ ಬೋಲ್ಟ್ ತೂತುಗಳ ಅಳತೆಯನ್ನೂ ಬರೆಯಿರಿ. ಸಬ್‌ಫ್ರೇಮಿನ ಬಗ್ಗೆ ಪ್ರತ್ಯೇಕ ಚರ್ಚೆ ಶುರು ಮಾಡೋಣ.